ಗಡ್ಡೆಯಲ್ಲ, ಕೊಂಬು

ಅವ್ವ ತಾನಾಗಿ ಬಾಯಿಬಿಟ್ಟು ಕೇಳಿ ನನ್ನ ಕೈಲಿ ಹೊಲಿಸಿಕೊಂಡ ರವಿಕೆ ಒಂದೇ ಒಂದು. ಅದೂ ಎಕ್ಸ್‌ರೇಗೆ ಹೋಗುವುದಕ್ಕೆ.

ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಪುಟ್ಟ ಟೈಲರಿಂಗ್ ಅಂಗಡಿ ಇದೆ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳಿಗೆ ಮದುವೆ ರವಿಕೆ, ಸೀಮಂತದ ರವಿಕೆ ಎಲ್ಲ ಹೊಲಿದುಕೊಟ್ಟಿದ್ದೇನೆ. ಆದರೆ ನಮ್ಮೂರು ಹಂಗಳದ ಮನೆಯಲ್ಲಿ, ಒಂದೇ ಸೂರಿನಡಿ ಇರುವ ಅವ್ವನಿಗೆ ಮಗಳ ಹೊಲಿಗೆ ಎಂದರೆ ಅಷ್ಟಕ್ಕಷ್ಟೆ. ತೋಳು ಬಿಗಿ, ಬೆನ್ನು ಆಳ ಎಂದು ಏನಾದರೊಂದು ಕೊಂಕು ತೆಗೆದು ಹಳೆಯದಕ್ಕೇ ತೇಪೆ ಹಾಕಿಸಿಕೊಂಡು ತೊಡುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ನಮ್ಮ ಮನೆಯಲ್ಲಿ ಜೀವಂತ ಸಾಕ್ಷಿ ನಾನೇ.

ನಮ್ಮದು ಅರಿಸಿನ ಬೆಳೆಯುವ ಮನೆ. ಕಾಡಿನ ಅಂಚಿನ ಹೊಲಕ್ಕೆ ಅದೇ ಸರಿ, ಆನೆಯೂ ಹಂದಿಯೂ ಅದರ ತಂಟೆಗೆ ಹೆಚ್ಚು ಬರುವುದಿಲ್ಲ. ಕಿತ್ತು, ಬೇಯಿಸಿ, ಒಣಗಿಸಿ, ಕೊನೆಗೆ ಡ್ರಮ್ಮಿಗೆ ಹಾಕಿ ತಿರುಗಿಸಿ ಮೆರುಗು ಕೊಡುವ ಹೊತ್ತಿಗೆ ಕಣವೆಲ್ಲ ಹಳದಿ ಧೂಳು. ಆ ವರ್ಷ ಅವ್ವನಿಗೆ ಕೆಮ್ಮು ಹತ್ತಿದ್ದು ಅದೇ ದಿನಗಳಲ್ಲಿ. ಹಾಗಾಗಿ ಧೂಳಿನ ಕೆಮ್ಮು ಎಂದು ಅವಳೇ ತೀರ್ಪು ಕೊಟ್ಟುಕೊಂಡಳು, ನಾವೂ ಹೂಂ ಅಂದೆವು. ಹಾಲಿಗೆ ಮೆಣಸು ಅರಿಸಿನ ಆಯಿತು, ದೊಡ್ಡಪತ್ರೆ ರಸ ಆಯಿತು. ಡ್ರಮ್ಮು ನಿಂತು, ಸರಕು ಚಾಮರಾಜನಗರದ ಮಂಡಿಗೆ ಹೋಗಿ, ಕಣ ತೊಳೆದು ಸಾರಿಸಿದ್ದಾಯಿತು. ಕೆಮ್ಮು ಮಾತ್ರ ಹೋಗಲಿಲ್ಲ.

ನನಗೆ ದಿಗಿಲಾದದ್ದು ಕೆಮ್ಮಿನಿಂದಲ್ಲ. ಒಂದು ಬೆಳಿಗ್ಗೆ ಅವಳು ಮೊರ ಹಿಡಿದು ಕೂತಿದ್ದಾಗ ತೋಳಿನ ಕಡೆ ಕಣ್ಣು ಹೋಯಿತು. ಬಿಗಿ ಬಿಗಿ ಎಂದು ನನ್ನನ್ನು ಬೈದಿದ್ದ ಅದೇ ರವಿಕೆಯ ತೋಳಿನೊಳಗೆ ಈಗ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಜಾಗ ಇತ್ತು. ಹೊಲಿಯುವವರ ಕಣ್ಣು ಕೆಟ್ಟದ್ದು, ಮುಖ ನೋಡುವ ಮೊದಲು ಅಳತೆ ನೋಡುತ್ತದೆ. ನಾನು ಟೇಪು ತಂದು ಅವಳ ತೋಳಿಗೆ ಸುತ್ತಿದೆ. ಅವಳು ಗದರಿದಳು. ನಾನು ಅವಳಿಗಿಂತ ಜೋರಾಗಿ ಗದರಿ, ಅವತ್ತೇ ಗುಂಡ್ಲುಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿ, ನಾಳೆ ಬೆಳಿಗ್ಗೆ ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಅಂದರು.

ನಮ್ಮ ಕಡೆ ಹಳಬರು ಯಾರೂ ಎಕ್ಸ್‌ರೇ ಎನ್ನುವುದಿಲ್ಲ, ಫೋಟೋ ಎನ್ನುತ್ತಾರೆ. ಕಾಲು ಉಳುಕಿದರೆ ಕಾಲಿನ ಫೋಟೋ, ಸೊಂಟ ಹಿಡಿದರೆ ಸೊಂಟದ ಫೋಟೋ. ಅವ್ವನ ತಲೆಯಲ್ಲಿ ಎದೆಯ ಫೋಟೋ ಎಂದರೆ ಏನಿತ್ತೋ, ದಾರಿಯುದ್ದಕ್ಕೂ ಬಾಯಿಗೆ ಬೀಗ. ಮನೆಗೆ ಬಂದ ಮೇಲೆ ಮೆಲ್ಲಗೆ ಹೊರಬಿತ್ತು. ಅಲ್ಲಿ ರವಿಕೆ ಬಿಚ್ಚಿಸಿ ಹಿಂದೆ ಕಟ್ಟುವ ನಿಲುವಂಗಿ ಕೊಡುತ್ತಾರಂತೆ, ಹುಕ್ಕು ಇದ್ದರೆ ಒಳಗೆ ಬಿಡುವುದಿಲ್ಲವಂತೆ, ಪಕ್ಕದ ಬೀದಿಯವಳು ಹೇಳಿದಳಂತೆ. ಹುಕ್ಕು ಇಲ್ಲದ್ದು ಒಂದು ಹೊಲಿದುಕೊಡು ಎಂದು ಕೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ಸಂಜೆ ಕೂತು ಹೊಲಿದೆ. ಮೆತ್ತನೆ ಕಾಟನ್ನು, ಹಳದಿ ಬಣ್ಣ. ಹುಕ್ಕಿಲ್ಲ, ಪ್ರೆಸ್ ಬಟನ್ನಿಲ್ಲ, ಮುಂದೆ ದಾರದ ಲಾಡಿ, ಕೊರಳ ಹಿಂದೆಯೂ ಒಂದು ಲಾಡಿ. ಹಾಕಿಕೊಂಡು ಅತ್ತ ಇತ್ತ ತಿರುಗಿದ ಅವ್ವ ಯಾವ ಕೊಂಕನ್ನೂ ತೆಗೆಯಲಿಲ್ಲ. ಅದೇ ನನಗೆ ಸಂಕಟವಾಯಿತು.

ಎಕ್ಸ್‌ರೇ ತೆಗೆಯುವಾಕೆ ಚುರುಕಿನ ಹೆಣ್ಣುಮಗಳು. ಹೊರಗೆ ಜನ ಸಾಲಾಗಿ ಕೂತಿದ್ದರು. ಚಿನ್ನ, ಬೆಳ್ಳಿ, ಕಬ್ಬಿಣ, ಪಿನ್ನು ಏನೂ ಮೈಮೇಲೆ ಇರಬಾರದು, ಲೋಹ ಇದ್ದರೆ ಫಿಲ್ಮಿನಲ್ಲಿ ಬಂದುಬಿಡುತ್ತದೆ, ಜಡೆಯನ್ನೂ ಎತ್ತಿ ನೆತ್ತಿಗೆ ಕಟ್ಟಿಕೊಳ್ಳಿ ಎಂದು ಒಂದೇ ಉಸಿರಿಗೆ ಹೇಳಿ ಪರದೆ ತೋರಿಸಿದಳು. ಅವ್ವ ಪರದೆ ಹಿಂದೆ ಹೋಗಿ, ಕೈ ಮಾತ್ರ ಹೊರಗೆ ಚಾಚಿ, ಓಲೆಯನ್ನೂ ತಾಳಿ ಪೋಣಿಸಿದ ಕರಿಮಣಿ ಸರವನ್ನೂ ಕೊಟ್ಟಳು. ಕರವಸ್ತ್ರದಲ್ಲಿ ಕಟ್ಟಿ ಹಿಡಿದುಕೊಂಡೆ. ಅವಳು ಇಷ್ಟು ಸುಲಭವಾಗಿ ಸರ ತೆಗೆದುಕೊಟ್ಟದ್ದು ಆಶ್ಚರ್ಯವೆನಿಸಿತು. ನನ್ನ ಕೊರಳಲ್ಲಿ ಅದಿಲ್ಲ. ಕಟ್ಟಿದವನು ಸರಿಯಿರಲಿಲ್ಲ, ಬಿಚ್ಚಿಟ್ಟು ತವರಿಗೆ ಬಂದೆ. ಆವತ್ತಿನಿಂದ ಅವ್ವ ತನ್ನದನ್ನು ಸ್ನಾನಕ್ಕೂ ತೆಗೆದವಳಲ್ಲ.

ಒಳಗೆ ಉಸಿರು ಎಳೆದುಕೊಳ್ಳಿ, ಬಿಡಬೇಡಿ ಎಂಬ ಕೂಗು ಕೇಳಿಸಿತು. ಅಷ್ಟರಲ್ಲೇ ಮುಗಿಯಿತು. ಹೊರಬಂದ ಅವ್ವ, ಇಷ್ಟೇನಾ ಎಂಬಂತೆ ನೋಡಿ, ಸರವನ್ನು ಇಸಿದುಕೊಂಡು ಮತ್ತೆ ಪರದೆ ಹಿಂದೆ ಹೋದಳು.

ಆದರೆ ಫಿಲ್ಮನ್ನು ಬೆಳಕಿಗೆ ಹಿಡಿದ ಡಾಕ್ಟರು ಅದನ್ನು ಎರಡೆರಡು ಸಲ ತಿರುಗಿಸಿ ನೋಡಿದರು. ಇನ್ನೂ ಎಳೆಯ ವಯಸ್ಸಿನವರು, ಮುಖದಲ್ಲಿ ಮುಚ್ಚಿಡಲು ಬಾರದು. ಅವ್ವನನ್ನು ಹೊರಗೆ ಕೂರಿಸಿ ನನ್ನೊಬ್ಬಳಿಗೇ ತೋರಿಸಿದರು. ಗಾಳಿ ಇರುವ ಕಡೆ ಕಪ್ಪು, ಗಟ್ಟಿ ಇರುವ ಕಡೆ ಬಿಳಿ ಅಂದರು. ಪಕ್ಕೆಲುಬುಗಳ ನಡುವೆ, ಬಲಗಡೆಯ ಕಪ್ಪಿನಲ್ಲಿ, ಓರೆಯಾಗಿ ಮಲಗಿದ ಒಂದು ಬೆಳ್ಳನೆ ನೆರಳು ಇತ್ತು.

"ಇಲ್ಲಿ ಒಂದು ಗಡ್ಡೆ ಥರ ಕಾಣ್ತಿದೆ. ಏನು ಅಂತ ನಾನೇ ಹೇಳೋದು ಸರಿಯಲ್ಲ. ಚಾಮರಾಜನಗರಕ್ಕೆ ಎದೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ಮೈಸೂರಲ್ಲಿ ಸ್ಕ್ಯಾನಿಂಗ್ ಬೇಕಾಗಬಹುದು."

ಪರದೆಯೊಂದು ಅಡ್ಡ ಇತ್ತು ಅಷ್ಟೆ, ಅವ್ವನ ಕಿವಿ ಮಂದವಲ್ಲ. ಬಸ್ಸು ಹತ್ತುವಾಗ, ಎಷ್ಟು ದಪ್ಪ ಅದಂತೆ ಎಂದು ಕೇಳಿದಳು. ನಾನು ಏನೂ ಇಲ್ಲ ಸುಮ್ಮನಿರು ಎಂದು ಸಿಡುಕಿದೆ. ಸಿಡುಕದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಅರಿಸಿನದ ಮನೆಯಲ್ಲಿ ಗಡ್ಡೆ ಎಂದರೆ ಒಳ್ಳೆಯ ಮಾತು. ಗಡ್ಡೆ ಎಂದರೆ ಬುಡದ ತಾಯಿಬೇರು, ಮುಂದಿನ ಬಿತ್ತನೆಗೆ ನೆರಳಲ್ಲಿ ಎತ್ತಿಡುವಂಥದ್ದು. ಅದರ ಮೈಯಿಂದ ಬೆರಳುಗಳಂತೆ ಹೊರಡುವುದು ಕೊಂಬು. ಹುಟ್ಟಿದಾಗಿನಿಂದ ಕೇಳಿದ ಆ ಮಾತು ಒಂದೇ ದಿನಕ್ಕೆ ಬಾಯಿಗೆ ತರಲಾಗದಂತಾಯಿತು. ಅಪ್ಪ ಆಳುಗಳನ್ನು ಗಡ್ಡೆ ಎತ್ತಿಟ್ರಾ ಎಂದು ಕೇಳಹೊರಟು, ಮಾತಿನ ನಡುವೆ ನಿಲ್ಲಿಸಿ, ಅದ ಎತ್ತಿಟ್ರಾ ಎನ್ನುವುದನ್ನು ನಾನು ಕಿವಿಯಾರೆ ಕೇಳಿದೆ. ಮಾತು ಕಮ್ಮಿ, ಸಿಟ್ಟು ಬಂದರೆ ಎಮ್ಮೆಗೆ ಬೈದು ಸಮಾಧಾನ ಮಾಡಿಕೊಳ್ಳುವ ಮನುಷ್ಯ ಅವನು. ಆ ದಿನಗಳಲ್ಲಿ ಎಮ್ಮೆಗೂ ಬೈಯಲಿಲ್ಲ.

ಎದೆ ಡಾಕ್ಟರು ಸಿಗುವ ದಿನ ಮುಂದಿನ ವಾರಕ್ಕಿತ್ತು. ಅಷ್ಟರಲ್ಲಿ ಅವ್ವ ಮನೆಯನ್ನು ನನಗೆ ಒಪ್ಪಿಸತೊಡಗಿದಳು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಎಂಥ ಬಟ್ಟೆ ಕಟ್ಟಬೇಕು, ಎಮ್ಮೆ ಯಾವಾಗ ಒದೆಯುತ್ತದೆ, ಯಾರ ಮನೆಯಿಂದ ಹೆಪ್ಪು ತಂದರೆ ಮೊಸರು ಗಟ್ಟಿ ಬರುತ್ತದೆ. ಎಲ್ಲವನ್ನೂ ಮಾಮೂಲಿ ಮಾತಿನಂತೆಯೇ ಹೇಳುತ್ತಿದ್ದಳು. ನಾನು ಕೇಳಿಸಿಕೊಳ್ಳದವಳ ಹಾಗೆ ಬಟ್ಟೆ ಕತ್ತರಿಸುತ್ತಿದ್ದೆ. ಒಮ್ಮೆ ಕತ್ತರಿಯ ಸದ್ದು ನಿಲ್ಲುವವರೆಗೆ ಕಾದು ಹೇಳಿದಳು.

"ನಿಮ್ಮಪ್ಪ ಸಾರಿಗೆ ಉಪ್ಪು ಸಾಲ್ದಿದ್ರೂ ಕೇಳಕಿಲ್ಲ ಕಣಮ್ಮಿ. ಸುಮ್ಕೆ ಉಂಡು ಎದ್ದೋಯ್ತನೆ. ನೀನೇ ನೋಡ್ಕಬೇಕು."

ಹಿತ್ತಲಿಗೆ ಹೋಗಿ ನೀರೊಲೆಯ ಪಕ್ಕ ನಿಂತು ಅತ್ತೆ. ಅಮ್ಮಂದಿರು ಸಾಯುತ್ತಾರೆ, ಲೋಕದಲ್ಲಿ ಎಲ್ಲರ ಅಮ್ಮಂದಿರೂ ಸತ್ತಿದ್ದಾರೆ, ಆದರೆ ನನ್ನವಳು ಇನ್ನೂ ನನ್ನ ಹೊಲಿಗೆಯನ್ನು ಒಂದು ಸಲವೂ ಹೊಗಳಿಲ್ಲ ಎಂದು ದೇವರ ಜೊತೆ ಜಗಳವಾಡಿದೆ. ಆ ವಾರ ಯಾರದೋ ಮದುವೆ ರವಿಕೆಗೆ ಎರಡು ತೋಳನ್ನೂ ಎಡಗಡೆಯದೇ ಹೊಲಿದಿಟ್ಟಿದ್ದೆ.

ಎದೆ ಡಾಕ್ಟರು ಸಿಗುವ ದಿನ ಅಪ್ಪನೂ ಸೇರಿ ಮೂವರೂ ಹೊರಟೆವು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ತೆರಕಣಾಂಬಿಯ ದಾರಿಯಲ್ಲಿ ಚಾಮರಾಜನಗರಕ್ಕೆ. ಎಕ್ಸ್‌ರೇ ಕವರ್ ಅಪ್ಪನ ತೊಡೆಯ ಮೇಲಿತ್ತು. ನಮ್ಮ ಬಸ್ಸುಗಳಲ್ಲಿ ಆ ಕವರ್ ಹಿಡಿದು ಕೂತರೆ ಅಕ್ಕಪಕ್ಕದವರೆಲ್ಲ ಡಾಕ್ಟರುಗಳೇ. ಹಿಂದಿನ ಸೀಟಿನ ಹೆಂಗಸು ಕೇಳಿ ಇಸಿದುಕೊಂಡು, ಫಿಲ್ಮನ್ನು ಕಿಟಕಿಗೆ ಹಿಡಿದು, ಹೃದಯ ಸ್ವಲ್ಪ ದೊಡ್ಡದು ಕಾಣುತ್ತದೆ, ನಮ್ಮ ಭಾವನಿಗೂ ಹಿಂಗೇ ಇತ್ತು ಅಂದಳು. ಭಾವ ಈಗ ಹೇಗಿದ್ದಾರೆ ಎಂದು ಅವ್ವ ಕೇಳಿದಳು. ತೀರಿಕೊಂಡರು ಅಂದಳು. ನಾನು ಕವರನ್ನು ಕಿತ್ತುಕೊಂಡೆ. ಉಳಿದ ದಾರಿಯಲ್ಲಿ ಅವ್ವ ಕಿಟಕಿಯಾಚೆ ಚೆಂಡುಹೂವಿನ ಹೊಲಗಳನ್ನೇ ನೋಡುತ್ತಿದ್ದಳು.

ಚಾಮರಾಜನಗರದ ಡಾಕ್ಟರು ನಡುವಯಸ್ಸು ದಾಟಿದ ಹೆಂಗಸು, ಸಮಾಧಾನದ ಮೋರೆ. ಫಿಲ್ಮನ್ನು ಗೋಡೆಯ ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ನೋಡಿದರು. ಹತ್ತಿರ ಹೋದರು, ಹಿಂದೆ ಸರಿದರು. ಬೆರಳನ್ನು ಆ ಬಿಳಿ ನೆರಳಿನ ಮೇಲಿಟ್ಟು, ಅಲ್ಲಿಂದ ಕೊರಳಿನ ಕಡೆಗೆ ಮೆಲ್ಲಗೆ ಎಳೆದರು. ಕೂದಲೆಳೆಯಷ್ಟು ತೆಳ್ಳಗಿನ ಗೆರೆಯೊಂದು ಮೇಲಕ್ಕೆ ಹೋಗುತ್ತಿದ್ದುದು ನನಗೂ ಆಗ ಕಾಣಿಸಿತು.

"ಇದನ್ನ ತೆಗೆಯೋವಾಗ ಕೊರಳಲ್ಲಿ ಏನಿತ್ತಮ್ಮ?" ಎಂದು ಕೇಳಿದರು.

ಚಿನ್ನ ಏನೂ ಇರಲಿಲ್ಲ, ಎಲ್ಲ ಮಗಳ ಕೈಲಿ ಕೊಟ್ಟಿದ್ದೆ ಎಂದು ಅವ್ವ ಹೇಳಿದಳು. ನಾನು ಚಿನ್ನದ ವಿಚಾರ ಕೇಳಲಿಲ್ಲ, ಏನಿತ್ತು ಎಂದು ಕೇಳಿದೆ ಎಂದು ಡಾಕ್ಟರು ಮೆತ್ತಗೇ ಹೇಳಿದರು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅಪ್ಪನ ಕಡೆ ಒಂದು ಸಲ ನೋಡಿದಳು.

"ಅರಿಸಿನದ ಕೊಂಬು ಇತ್ತು ಕವ್ವ. ಬರೀ ಕೊರಳಲ್ಲಿ ಎಂಗೆ ನಿಂತ್ಕಳದು? ಲೋಹ ಇರ್ಬಾರ್ದು ಅಂದ್ರು. ಅದು ಬೇರು ತಾನೆ."

ಗೊತ್ತಿರದವರಿಗೆ ಹೇಳುತ್ತೇನೆ. ನಮ್ಮಲ್ಲಿ ಮುತ್ತೈದೆಯ ತಾಳಿ ಸರ ತುಂಡಾದರೆ, ಪೋಣಿಸಲು ಕೊಟ್ಟರೆ, ಅದು ಕೈಗೆ ಬರುವವರೆಗೆ ದಾರಕ್ಕೆ ಅರಿಸಿನ ಬಳಿದು, ಒಂದು ಅರಿಸಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಕೊರಳು ಒಂದು ಗಳಿಗೆಯೂ ಬರಿದಾಗಬಾರದು. ಅವ್ವ ಗುಂಡ್ಲುಪೇಟೆಗೆ ಹೊರಡುವ ಮುಂಚೆಯೇ ಅದನ್ನು ಸಿದ್ಧ ಮಾಡಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಳು. ಪರದೆ ಹಿಂದೆ ಸರ ಬಿಚ್ಚಿದ ಕೈಯಲ್ಲೇ ಇದನ್ನು ಕಟ್ಟಿಕೊಂಡು, ಯಾರ ಕಣ್ಣಿಗೂ ಬೀಳದಿರಲಿ ಎಂದು ರವಿಕೆಯೊಳಗೆ ಬಲಕ್ಕೆ ಸರಿಸಿಕೊಂಡಿದ್ದಳು. ಕೊರಳ ಹಿಂದೆ ಕಂಡ ಹಳದಿ ದಾರವನ್ನು ಎಕ್ಸ್‌ರೇಯಾಕೆ ನನ್ನ ರವಿಕೆಯ ಲಾಡಿ ಅಂದುಕೊಂಡಿರಬೇಕು. ನಾನು ನೋಡಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಅಪ್ಪ ಎದ್ದು ದೀಪದ ಪೆಟ್ಟಿಗೆಯ ಹತ್ತಿರ ಹೋದ. ಬಗ್ಗಿ, ಕಣ್ಣು ಕಿರಿದು ಮಾಡಿ, ಮಂಡಿಯಲ್ಲಿ ಸರಕು ನೋಡುವ ಹಾಗೆ ನೋಡಿದ. ಗೆಣ್ಣು ಗೆಣ್ಣಾಗಿ, ತುದಿಗೆ ಕಿರಿದಾಗಿ, ಅವನೇ ಬೆಳೆದದ್ದು ಅಲ್ಲಿ ಮಲಗಿತ್ತು. ಆಮೇಲೆ ಡಾಕ್ಟರ ಕಡೆ ತಿರುಗಿ, ಯಾರೋ ತಪ್ಪು ದರ್ಜೆ ಬರೆದುಕೊಂಡರೆ ತಿದ್ದುವ ದನಿಯಲ್ಲಿ ಹೇಳಿದ.

"ಅದು ಗಡ್ಡೆ ಅಲ್ಲ ಕಣವ್ವ, ಕೊಂಬು."

ಡಾಕ್ಟರು ನಕ್ಕ ನಗೆಗೆ ಹೊರಗೆ ಕೂತವರು ಬಾಗಿಲ ಸಂದಿಯಲ್ಲಿ ಇಣುಕಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ನಾನೂ ನಕ್ಕೆ, ನಗುತ್ತಲೇ ಅತ್ತೆ, ಅಳುತ್ತಲೇ ಅವ್ವನ ಭುಜಕ್ಕೆ ಒಂದು ಗುದ್ದು ಕೊಟ್ಟೆ. ಒಂದು ವಾರ ನಮ್ಮ ಜೀವ ತೆಗೆದೆಯಲ್ಲ ಎಂದು ಬೈದೆ. ಗಡ್ಡೆ ಇದೆ ಎಂದು ಹೇಳಿದವರು ನೀವು, ನಾನಲ್ಲ ಎಂದು ಅವಳು ತಿರುಗಿಸಿ ಹೇಳಿದಳು. ಅದೂ ನಿಜವೇ.

ನಗು ತಣ್ಣಗಾದ ಮೇಲೆ ಡಾಕ್ಟರು ಮೊದಲಿನ ಮುಖಕ್ಕೆ ಬಂದರು. ಕೊಂಬಿನಿಂದ ಕೆಮ್ಮು ಬರುವುದಿಲ್ಲ ಅಂದರು. ತೂಕ ಕರಗಿರುವುದು ಸುಳ್ಳಲ್ಲ, ಇನ್ನೊಂದು ಎಕ್ಸ್‌ರೇ ತೆಗೆಯಲೇಬೇಕು, ಈ ಸಲ ಕೊರಳಿಂದ ಸೊಂಟದವರೆಗೆ ದಾರವೂ ಇರಬಾರದು ಅಂದರು. ಎಕ್ಸ್‌ರೇ ಕೋಣೆ ಅಲ್ಲೇ ಎರಡು ಬಾಗಿಲು ಆಚೆ ಇತ್ತು. ಆದರೆ ಅವ್ವ ಕುರ್ಚಿ ಬಿಟ್ಟು ಏಳಲಿಲ್ಲ.

ನಾನು ಹೇಳಿದೆ, ಡಾಕ್ಟರು ಹೇಳಿದರು. ಕೊಂಬನ್ನು ಕೈಗೆ ಕಟ್ಟಿಕೋ ಅಂದೆ. ಕೈಗೆ ಕಟ್ಟುವುದು ಕಂಕಣ, ಅದು ಬೇರೆ ಅಂದಳು. ನನಗೆ ತಲೆ ಕೆಟ್ಟಿತು. ನನ್ನ ಕೊರಳು ಬರಿದಾಗಿ ಎಷ್ಟು ವರ್ಷವಾಯಿತು, ಆಕಾಶ ಬಿದ್ದುಹೋಯಿತಾ ಎಂದು ಎಲ್ಲರ ಮುಂದೆ ಕೇಳಿಬಿಟ್ಟೆ. ಅವ್ವನ ಕಣ್ಣು ಅಪ್ಪನ ಮೇಲೇ ಇತ್ತು. ಅವಳಿಗೆ ಅವಳ ಜೀವದ ಭಯವಿರಲಿಲ್ಲ, ಅವನ ಜೀವದ ಭಯ ಎಂದು ನನಗೆ ಹೊಳೆದದ್ದು ಆಗ. ತನ್ನ ಎದೆಯಲ್ಲಿ ಗಡ್ಡೆ ಇದ್ದರೆ ಇರಲಿ, ತಾನು ಕೊರಳು ಬರಿದು ಮಾಡಿ ನಿಂತ ಆ ಗಳಿಗೆಯಲ್ಲಿ ಅವನಿಗೆ ಏನೂ ಆಗಬಾರದು.

ಅಪ್ಪನಿಗೆ ಇದು ಮೊದಲೇ ತಿಳಿದಿತ್ತೇನೋ. ಅವಳ ಕುರ್ಚಿಯ ಹಿಂದೆ ಹೋಗಿ ನಿಂತ.

"ಕಟ್ದೋನು ನಾನು, ಬಿಚ್ಚೋನೂ ನಾನೇ. ಬಾಗ್ಲಲ್ಲೇ ನಿಂತಿರ್ತೀನಿ, ಬೇಕಾದ್ರೆ ಕೂಗು, ಊಂ ಅಂತೀನಿ. ನೀ ಓಗು."

ಹೇಳಿ, ಸರದ ಕೊಂಡಿ ಬಿಚ್ಚಿದ. ಸರ ಇದ್ದ ಜಾಗದಲ್ಲಿ ಅವ್ವನ ಕೊರಳ ಸುತ್ತ ಬಿಸಿಲು ಕಾಣದ ಬಿಳಿಯ ಗೆರೆಯೊಂದಿತ್ತು. ನಾನು ಅದನ್ನು ಅದುವರೆಗೆ ನೋಡಿರಲಿಲ್ಲ. ಅವಳು ಸೆರಗು ಹೊದ್ದು ಎಕ್ಸ್‌ರೇ ಕೋಣೆಗೆ ಹೋದಳು. ಅಪ್ಪ ಮುಚ್ಚಿದ ಬಾಗಿಲ ಹೊರಗೆ, ಸರವನ್ನು ಎರಡು ಅಂಗೈಗಳ ನಡುವೆ ಹಿಡಿದು ನಿಂತ. ಒಳಗಿಂದ, ಇದ್ದೀರಾ ಎಂದು ಅವ್ವನ ದನಿ ಬಂತು. ಊಂ ಅಂದ. ಉಸಿರು ಬಿಡಬೇಡಿ ಎಂದು ಎಕ್ಸ್‌ರೇಯವರು ಕೂಗಿದರು. ಅಪ್ಪನೂ ಬಿಡಲಿಲ್ಲ.

ಬಾಗಿಲು ತೆರೆದದ್ದೇ ತಡ, ಅಲ್ಲೇ ಆ ಪಡಸಾಲೆಯಲ್ಲಿ, ಪ್ಲಾಸ್ಟರ್ ಹಾಕಿದವರು, ಕೋಲೂರಿದವರು ಎಲ್ಲರ ಮುಂದೆ ಸರವನ್ನು ಮತ್ತೆ ಅವಳ ಕೊರಳಿಗೆ ಕಟ್ಟಿದ. ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು, ಮದುವೆ ಆಯಿತಲ್ಲ, ಊಟ ಎಲ್ಲಿ ಎಂದು ಕೇಳಿದಳು. ಅವ್ವ ನಾಚಿ ತಲೆ ಬಗ್ಗಿಸಿದಳು. ತಾಳಿಯ ಮೇಲೆ ನನಗಿದ್ದ ಕೋಪ ನನ್ನದೇ, ಅದು ಈಗಲೂ ಇದೆ. ಆದರೆ ಆ ಇಬ್ಬರ ನಡುವೆ ಅದು ಬೇರೆಯೇ ವಸ್ತು ಎಂದು ಆವತ್ತು ಒಪ್ಪಿಕೊಂಡೆ.

ಹೊಸ ಫಿಲ್ಮಿನಲ್ಲಿ ಆ ಬಿಳಿ ನೆರಳು ಇರಲಿಲ್ಲ. ಡಾಕ್ಟರು ಎರಡನ್ನೂ ಅಕ್ಕಪಕ್ಕ ಸಿಕ್ಕಿಸಿದರು. ನಾವು ಉಸಿರಾಡಿಕೊಳ್ಳುವಷ್ಟರಲ್ಲಿ ಅವರ ಬೆರಳು ಇನ್ನೂ ಮೇಲಕ್ಕೆ, ಎಡಗಡೆಯ ಕಾಲರ್ ಮೂಳೆಯ ಕೆಳಗೆ ಹೋಗಿ ನಿಂತಿತು. ಅಲ್ಲಿ ಕಪ್ಪಿನ ಮೇಲೆ ರಾಗಿಹಿಟ್ಟು ಉದುರಿದಂತೆ ಮಸುಕು ಮಸುಕಾಗಿ ಏನೋ ಇತ್ತು. ಹಳೆಯ ಫಿಲ್ಮಿನಲ್ಲೂ ಅದೇ ಜಾಗದಲ್ಲಿ ಅದು ಇತ್ತು. ಎಲ್ಲರ ಕಣ್ಣನ್ನೂ ಕೊಂಬು ಎಳೆದುಕೊಂಡಿದ್ದರಿಂದ ಯಾರಿಗೂ ಕಂಡಿರಲಿಲ್ಲ.

ಕಫದ ಪರೀಕ್ಷೆಯಾಯಿತು. ಟಿ.ಬಿ. ಎಂದು ಗೊತ್ತಾಯಿತು. ಇನ್ನೂ ಶುರುವಿನಲ್ಲೇ ಸಿಕ್ಕಿದೆ, ಮಾತ್ರೆಗಳನ್ನು ಒಂದು ದಿನವೂ ತಪ್ಪಿಸದೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದರು. ನಾನು ಅವರ ಮೇಜಿನ ಅಂಚು ಹಿಡಿದು ಅದೇ ಮಾತನ್ನು ಇನ್ನೊಂದು ಸಲ ಹೇಳಿಸಿದೆ.

ನಮ್ಮೂರಲ್ಲಿ ಟಿ.ಬಿ. ಎಂದರೆ ಜನ ಪಿಸುಗುಟ್ಟುವ ಕಾಯಿಲೆ. ಅವ್ವ ಮಾತ್ರ ಬಸ್ಸಿಳಿದವಳೇ ಎದುರಿಗೆ ಸಿಕ್ಕವರಿಗೆಲ್ಲ, ಗಡ್ಡೆ ಅಲ್ಲವಂತೆ, ಬರೀ ಟಿ.ಬಿ. ಅಂತೆ ಎಂದು ಹಬ್ಬದ ಸುದ್ದಿ ಹೇಳುವ ಹಾಗೆ ಹೇಳಿಕೊಂಡು ಬಂದಳು. ಕೇಳಿದವರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೀದಿಯಲ್ಲಿ ಯಾರೂ ದೂರ ಸರಿಯಲಿಲ್ಲ, ಸರಿಯುವುದಕ್ಕೆ ಅವಳು ಪುರುಸೊತ್ತು ಕೊಟ್ಟಿದ್ದರೆ ತಾನೆ.

ಒಂದೇ ಮನೆಯಲ್ಲಿರುವವರು ಎಂದು ಅಪ್ಪನಿಗೂ ನನಗೂ ಎಕ್ಸ್‌ರೇ ಮಾಡಿಸಿದರು. ಮೊದಲ ಸಲ ನಾನು ಆ ತಣ್ಣನೆ ಹಲಗೆಗೆ ಎದೆ ಒತ್ತಿ, ಗಲ್ಲ ಎತ್ತಿ, ಸೊಂಟದ ಮೇಲೆ ಕೈಯಿಟ್ಟು ನಿಂತೆ. ಉಸಿರು ಹಿಡಿದ ಆ ಗಳಿಗೆಯಲ್ಲಿ ಏನೂ ಚುಚ್ಚಲಿಲ್ಲ, ಏನೂ ಸುಡಲಿಲ್ಲ. ನಾನು ಜನರನ್ನು ಇಷ್ಟು ವರ್ಷ ಹೊರಗಿನಿಂದಲೇ ಅಳೆದವಳು. ನನ್ನ ಒಳಗನ್ನು ದೀಪದ ಪೆಟ್ಟಿಗೆಯ ಮೇಲೆ ಕಂಡಾಗ, ಕೆಟ್ಟ ಮದುವೆಯನ್ನೂ ಜೋಡಿ ಎಡತೋಳುಗಳನ್ನೂ ಸಹಿಸಿಕೊಂಡ ಆ ಪುಟ್ಟ ಹೃದಯದ ಮೇಲೆ ಒಂಥರಾ ಮಮತೆ ಹುಟ್ಟಿತು. ನಮ್ಮಿಬ್ಬರಿಗೂ ಕಾಯಿಲೆ ಇರಲಿಲ್ಲ. ಅಪ್ಪನ ಫಿಲ್ಮಿನಲ್ಲಿ ಮಾತ್ರ ಒಂದು ಪಕ್ಕೆಲುಬು ಯಾವತ್ತೋ ಮುರಿದು ತಾನಾಗಿ ಕೂಡಿಕೊಂಡದ್ದು ಕಾಣಿಸಿತು. ಯಾವಾಗ ಎಂದು ಡಾಕ್ಟರು ಕೇಳಿದರು. ನಾನು ಹುಟ್ಟಿದಾಗ, ತೊಟ್ಟಿಲು ಶಾಸ್ತ್ರಕ್ಕೆ ಕಾಯಿ ಕೀಳಲು ಹೋಗಿ ತೆಂಗಿನ ಮರದಿಂದ ಜಾರಿ ಬಿದ್ದಿದ್ದನಂತೆ. ಬಾಣಂತಿಗೆ ಹೇಳಿದರೆ ಹಾಲು ಬತ್ತುತ್ತದೆ ಎಂದು ಯಾರಿಗೂ ಹೇಳಿರಲಿಲ್ಲವಂತೆ. ಅವ್ವ ಮನೆಗೆ ಬರುವವರೆಗೂ ಅವನನ್ನು ಬೈದಳು, ಇಷ್ಟು ವರ್ಷ ತಡವಾಗಿ.

ಮಾತ್ರೆಯ ತಿಂಗಳುಗಳು ಸುಲಭವಾಗಿರಲಿಲ್ಲ. ವಾಂತಿ, ಕೈಕಾಲು ಜೋಮು, ಬಾಯಿಗೆ ರುಚಿಯಿಲ್ಲ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ, ಅರಿಸಿನ ರಕ್ತಕ್ಕೇ ಸೇರಿಬಿಟ್ಟಿದೆ ಎಂದು ಅವಳೇ ನಕ್ಕಳು. ಆರೋಗ್ಯ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ವಿಚಾರಿಸುತ್ತಿದ್ದಳು, ಎದುರಿಗೇ ನುಂಗಿಸುತ್ತಿದ್ದಳು. ಹೊಸ ಹಳದಿ ರವಿಕೆ ಆ ಹೊತ್ತಿಗೆ ಬೀದಿಯ ಸ್ವತ್ತಾಗಿತ್ತು. ಯಾರಿಗೆ ಎಕ್ಸ್‌ರೇ ಬರೆದುಕೊಟ್ಟರೂ ನಮ್ಮ ಮನೆಗೆ ಬಂದು ಇಸಿದುಕೊಂಡು ಹೋಗುತ್ತಿದ್ದರು, ಒಗೆದು ಮಡಿಸಿ ತಂದುಕೊಡುತ್ತಿದ್ದರು. ಕೊಡುವಾಗ ಅವ್ವ ತಪ್ಪದೆ ಒಂದು ಬುದ್ಧಿಮಾತು ಹೇಳುತ್ತಿದ್ದಳು, ಬೇರೂ ಇರಬಾರದು ಎಂದು. ನನ್ನ ಹೊಲಿಗೆ ಇಷ್ಟು ಮೈಗಳನ್ನು ಕಂಡದ್ದು ಅದೇ ಮೊದಲು.

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮೊದಲ ಫಿಲ್ಮು ನಮ್ಮನ್ನು ಒಂದು ವಾರ ಸಾಯಿಸಿತು ನಿಜ. ಆದರೆ ಅದು ಸುಳ್ಳು ಹೇಳಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸಿತ್ತು, ಓದಿದವರು ನಾವು. ಆ ಕೊಂಬು ಹಾಗೆ ಹೆದರಿಸದೇ ಹೋಗಿದ್ದರೆ ಅಪ್ಪ ಹೊಲ ಬಿಟ್ಟು ಚಾಮರಾಜನಗರಕ್ಕೆ ಹೊರಡುತ್ತಿರಲಿಲ್ಲ, ಧೂಳಿನ ಕೆಮ್ಮು ಎಂದು ಅವ್ವ ಇನ್ನೊಂದು ಸುಗ್ಗಿ ದೂಡುತ್ತಿದ್ದಳು. ದೊಡ್ಡ ಸ್ಕ್ಯಾನಿಂಗಿಗೆ ಮೈಸೂರಿಗೆ ಹೋಗುವ ಪ್ರಮೇಯವೇ ಬರಲಿಲ್ಲ. ತಾಲ್ಲೂಕು ಊರಿನಲ್ಲೂ ಸಿಗುವ ಆ ಕಪ್ಪು ಹಾಳೆ ಸಾಕಾಯಿತು. ಅದನ್ನು ಮೊದಲು ಕಂಡುಹಿಡಿದ ಪುಣ್ಯಾತ್ಮ ಯಾವ ದೇಶದವನೋ, ಅವನ ಹೊಟ್ಟೆ ತಣ್ಣಗಿರಲಿ ಎಂದು ಅವ್ವ ಹರಸಿದ್ದಾಳೆ. ಎರಡೂ ಊರಿನ ಡಾಕ್ಟರುಗಳಿಗೆ, ಆ ಮಾತ್ರೆಗಳಿಗೆ, ಕಾರ್ಯಕರ್ತೆಯ ಚಪ್ಪಲಿಯ ಸದ್ದಿಗೆ ನಾನು ಋಣಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕೊನೆಯ ಎಕ್ಸ್‌ರೇ ದಿನ ಡಾಕ್ಟರು ಫಿಲ್ಮು ನೋಡಿ, ಏನೂ ಇಲ್ಲ, ಹಳೆಯ ಗಾಯದ ಒಂದು ಗೆರೆ ಬಿಟ್ಟರೆ ಏನೂ ಇಲ್ಲ, ಇನ್ನು ಮಾತ್ರೆ ಸಾಕು ಅಂದರು. ಅವ್ವ ಇನ್ನೂ ಏನಾದರೂ ಹೇಳುತ್ತಾರೆಂದು ಕಾಯುತ್ತ ಕೂತಿದ್ದಳು. ಹೇಳಲು ಏನೂ ಉಳಿದಿರಲಿಲ್ಲ.

ಡಾಕ್ಟರು ಸಾಕು ಅಂದರೂ ನಮ್ಮ ಕಿವಿಗಳು ಕೇಳಬೇಕಲ್ಲ. ತಿಂಗಳುಗಟ್ಟಲೆ ಅಪ್ಪನೂ ನಾನೂ ಅವಳ ಕೆಮ್ಮಿಗೆ ಕಿವಿಯಿಟ್ಟೇ ಬದುಕಿದ್ದೆವು. ಹೋದ ತಿಂಗಳು ಒಂದು ಭಾನುವಾರ ನಾನು ಮನೆಯಲ್ಲೇ ಮಿಷನ್ ತುಳಿಯುತ್ತಿದ್ದೆ. ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಅಡುಗೆಮನೆಯಿಂದ ಅವ್ವ ಕೆಮ್ಮಿದ್ದು ಕೇಳಿಸಿತು. ಬಿಟ್ಟು ಬಿಟ್ಟು, ಎದೆಯಿಂದ ಬಂದ ಕೆಮ್ಮು. ಮಿಷನ್ ನಿಂತಿತು. ನಾನು ಅಡುಗೆಮನೆ ಬಾಗಿಲಿಗೆ ಓಡುವಷ್ಟರಲ್ಲಿ ಅಪ್ಪ ಅಲ್ಲಿದ್ದ, ಹಗ್ಗದ ತುದಿ ಇನ್ನೂ ಅವನ ಕೈಯಲ್ಲೇ ಇತ್ತು. ಇಬ್ಬರೂ ಅವಳ ಬೆನ್ನನ್ನು ನೋಡುತ್ತ ನಿಂತೆವು. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ತಿರುಗಿದಳು.

"ಏನ್ ಇಬ್ರೂ ಬಂದ್ಬುಟ್ರಿ? ಒಗ್ಗರಣೆ ಘಾಟು ಕಣಮ್ಮಿ, ಮೆಣಸಿನ್ಕಾಯಿ ಸೀದೋಯ್ತು. ಮನ್ಸಾರ ಕೆಮ್ಮಕೂ ಬುಡಕಿಲ್ವಾ ನನ್ನ?"

ಅಷ್ಟರಲ್ಲಿ ಆ ಘಾಟು ನಮಗೂ ಬಡಿಯಿತು. ಮೊದಲು ಅಪ್ಪ ಕೆಮ್ಮಿದ, ಆಮೇಲೆ ನಾನು. ಬಾಗಿಲಲ್ಲಿ ನಿಂತು ಮೂವರೂ ಕೆಮ್ಮಿದೆವು, ಕಣ್ಣುಮೂಗು ಸುರಿಯುವಷ್ಟು, ನಿಲ್ಲಿಸಬೇಕೆನ್ನುವ ಆತುರ ಯಾರಿಗೂ ಇರಲಿಲ್ಲ.